ಗೊತ್ತಿದ್ದವರು ಬಲಗೈ ಎತ್ತಬೇಕು

ಮಕ್ಕಳಿಗೆ ಕವಿತೆ ಹೇಳಿಕೊಡುವುದು ಆರಾಮದ ಕೆಲಸ ಎಂದುಕೊಂಡವರು ಏಳನೇ ತರಗತಿಗೆ ಒಮ್ಮೆ ಇಂಗ್ಲಿಷ್ ಕಲಿಸಿ ನೋಡಬೇಕು. ಕಳೆದ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ನಾನು ಒಂದು ಕವಿತೆಯೊಳಗೆ ಹೊಕ್ಕವಳು ದೀಪಾವಳಿ ರಜೆಯವರೆಗೂ ಹೊರಗೆ ಬರಲಾಗದೆ ಒದ್ದಾಡಿದೆ. ಕವಿತೆಯೇನೂ ದೊಡ್ಡದಲ್ಲ, ಪುಸ್ತಕದ ಒಂದು ಪುಟವೂ ತುಂಬುತ್ತಿರಲಿಲ್ಲ.

ಮುಲುಂಡ್‌ನ ಆ ಖಾಸಗಿ ಶಾಲೆಯಲ್ಲಿ ನನಗೆ ಆ ದೀಪಾವಳಿಗೆ ಎರಡು ವರ್ಷ ತುಂಬುವುದಿತ್ತು. ಎರಡು ವರ್ಷ ಮುಗಿದಾಗ ಸೂಪರ್‌ವೈಸರ್ ಬರೆಯುವ ವರದಿ ಚೆನ್ನಾಗಿದ್ದರೆ ಕೆಲಸ ಖಾಯಂ; ಇಲ್ಲದಿದ್ದರೆ ಒಂದು ಶಾಲು, ಒಂದು ಹೂಗುಚ್ಛ, ನಮಸ್ಕಾರ. ಭಾಂಡುಪ್‌ನಲ್ಲಿ ಮನೆಯ ಹತ್ತಿರವೇ ಇದ್ದ ನನ್ನ ಹಿಂದಿನ ಶಾಲೆ ಮುಚ್ಚಿಹೋಗಿತ್ತು. ನಲವತ್ತು ದಾಟಿದವಳು ಮತ್ತೆ ಫೈಲು ಹಿಡಿದುಕೊಂಡು ಶಾಲೆ ಶಾಲೆ ಅಲೆದು, ನನಗಿಂತ ಹದಿನೈದು ವರ್ಷ ಚಿಕ್ಕವರ ಎದುರು ಪಾಠ ಮಾಡಿ ತೋರಿಸುವ ಕಷ್ಟ ಏನೆಂದು ಆಗಲೇ ಉಂಡಿದ್ದೆ. ಆದ್ದರಿಂದ ಈ ಕೆಲಸ ನನಗೆ ಬೇಕೇ ಬೇಕಿತ್ತು. ಸ್ವಭಾವತಃ ನಾನು ಸಿಡುಕಿ. ಆ ಎರಡು ವರ್ಷ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದೆ.

ಕವಿತೆ ಒಬ್ಬ ಹುಡುಗ ಆಡುವ ಮಾತಿನ ರೂಪದಲ್ಲಿತ್ತು. ಅವನ ಕಾಲನಿಗೆ ಹೊಸ ಪಾರ್ಕು ಬಂದಿದೆ. ಹುಲ್ಲಿನ ಹತ್ತಿರ ಬೋರ್ಡು, ತುಳಿಯಬೇಡಿ ಎಂದು. ಮರಕ್ಕೊಂದು ಬೋರ್ಡು, ಹತ್ತಬೇಡಿ ಎಂದು. ಓಡಬೇಡಿ, ಕೂಗಬೇಡಿ, ಚೆಂಡು ತರಬೇಡಿ. ಉಯ್ಯಾಲೆ ಸವೆಯದಿರಲಿ ಎಂದು ಅದಕ್ಕೆ ಸರಪಳಿ ಸುತ್ತಿದ್ದಾರೆ. ಹುಡುಗ ಇದನ್ನೆಲ್ಲ ಒಂದೊಂದಾಗಿ ಹೊಗಳುತ್ತ ಹೋಗುತ್ತಾನೆ. ಕೊನೆಗೆ, ನಮ್ಮ ಪಾರ್ಕು ಎಷ್ಟು ಚೊಕ್ಕಟ, ನಾವು ಎಷ್ಟು ಅದೃಷ್ಟವಂತರು, ದಿನಾ ಸಂಜೆ ಬೇಲಿಯ ಆಚೆ ನಿಂತು ನೋಡುತ್ತೇವೆ ಎನ್ನುತ್ತಾನೆ.

ನಾನು ಯಾವ ಕವಿತೆಗೂ ಮೊದಲ ದಿನ ಅರ್ಥ ಹೇಳುವುದಿಲ್ಲ. ಎರಡು ಸಲ ಗಟ್ಟಿಯಾಗಿ ಓದುತ್ತೇನೆ. ಮಾತಾಡುತ್ತಿರುವವರು ಯಾರು ಎಂದು ಕೇಳುತ್ತೇನೆ, ಏಕೆಂದರೆ ಮಾತಾಡುವವನೇ ಕವಿ ಎಂದು ಮಕ್ಕಳು ತಿಳಿದುಬಿಡುತ್ತಾರೆ. ಆಮೇಲೆ ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಎಡಕ್ಕೆ ‘ಹುಡುಗ ಹೇಳುವುದು’, ಬಲಕ್ಕೆ ‘ನಮಗೆ ಕಾಣುವುದು’ ಎಂದು ಬರೆಯುತ್ತೇನೆ. ಅವತ್ತು ಮಕ್ಕಳೇ ಎದ್ದು ಬಂದು ಎರಡೂ ಕಡೆ ತುಂಬಿಸಿದರು. ಎಡಗಡೆ ‘ಅದೃಷ್ಟವಂತರು’ ಎಂದು ಬಿತ್ತು. ಬಲಗಡೆ ಏನು ಬರೆಯುವುದೆಂದು ಎಲ್ಲರೂ ಯೋಚಿಸುತ್ತಿದ್ದಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಫಕ್ಕನೆ ನಕ್ಕಳು. ಯಾಕೆ ನಗು ಎಂದೆ. ಎದ್ದು ನಿಂತು, ಮಿಸ್, ಅವನು ಒಂದು ಸಲವೂ ಒಳಗೆ ಹೋಗಿಲ್ಲ ಎಂದಳು. ಆಮೇಲೆ ಎಲ್ಲರಿಗೂ ನಗು. ತಮ್ಮ ತಮ್ಮ ಹೌಸಿಂಗ್ ಸೊಸೈಟಿಯ ಬೋರ್ಡುಗಳನ್ನು ಒಬ್ಬರ ಮೇಲೊಬ್ಬರು ಹೇಳತೊಡಗಿದರು. ಒಂದು ಕಡೆ ಸೈಕಲ್ ಬಿಡುವಂತಿಲ್ಲವಂತೆ, ಇನ್ನೊಂದು ಕಡೆ ಮಧ್ಯಾಹ್ನ ಗಾರ್ಡನ್ನಿನಲ್ಲಿ ಮಾತನಾಡುವಂತೆಯೇ ಇಲ್ಲವಂತೆ. ನಾನು ಗೆರೆಯ ಎಡಕ್ಕೂ ಬಲಕ್ಕೂ ನಡುವೆ ಬಾಣ ಎಳೆದು, ಈ ಅಂತರಕ್ಕೆ ಐರನಿ ಎನ್ನುತ್ತಾರೆ ಎಂದೆ. ಹುಡುಗ ಹೊಗಳುತ್ತಾನೆ, ಕವಿತೆ ತೆಗಳುತ್ತದೆ. ಥೀಮ್ ಎಂದರೆ ‘ಪಾರ್ಕು’ ಎಂಬ ಒಂದು ಪದವಲ್ಲ, ಪಾರ್ಕಿನ ನೆಪದಲ್ಲಿ ಕವಿತೆ ಆಡುವ ಮಾತು. ಅದನ್ನು ನಿಮ್ಮದೇ ಒಂದು ವಾಕ್ಯದಲ್ಲಿ ಬರೆದು ತನ್ನಿ ಎಂದೆ. ಮಕ್ಕಳಿಗಿಂತ ಜಾಗವನ್ನು ಹೆಚ್ಚು ಪ್ರೀತಿಸುವ ದೊಡ್ಡವರ ಬಗ್ಗೆ ಈ ಕವಿತೆ ಎಂದು ಆ ಹುಡುಗಿ ಬರೆದು ತಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವತ್ತು ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಗದಿದ್ದರೂ ಯಾರ ಮೇಲೂ ಸಿಡುಕದೆ ಮನೆ ಮುಟ್ಟಿದೆ.

ವಾರ ಕಳೆಯುವಷ್ಟರಲ್ಲಿ ಕಾಮನ್ ನೋಟ್ಸ್ ಬಂತು. ನಮ್ಮ ಶಾಲೆಯಲ್ಲಿ ಏಳನೆಯದಕ್ಕೆ ನಾಲ್ಕು ಡಿವಿಜನ್. ನಾಲ್ಕಕ್ಕೂ ಒಂದೇ ಪ್ರಶ್ನೋತ್ತರವನ್ನು ಇಂಗ್ಲಿಷ್ ವಿಭಾಗ ನೋಡಿಕೊಳ್ಳುವ ಸೂಪರ್‌ವೈಸರ್ ಮೇಡಂ ತಯಾರಿಸುತ್ತಾರೆ. ನಾವು ಅದನ್ನು ಅಕ್ಷರ ಬಿಡದಂತೆ ಬರೆಸಬೇಕು. ಪರೀಕ್ಷೆಯಲ್ಲಿ ತಿದ್ದುವುದೂ ಅದನ್ನೇ ಮುಂದಿಟ್ಟುಕೊಂಡು. ನೋಟ್ಸ್‌ನಲ್ಲಿ ಥೀಮ್ ಎಂಬ ಕಡೆ, ಸಾರ್ವಜನಿಕ ಸ್ಥಳಗಳನ್ನು ಸ್ವಚ್ಛವಾಗಿಟ್ಟುಕೊಂಡು ಶಿಸ್ತಿನಿಂದ ಬಾಳಬೇಕೆಂದು ಕವಿ ನಮಗೆ ಕಲಿಸುತ್ತಾರೆ ಎಂದಿತ್ತು. ಅದರ ಕೆಳಗೇ ಬೇರೆ ಚೌಕದಲ್ಲಿ ಐರನಿಯ ವ್ಯಾಖ್ಯೆ: ಹೇಳಿದ್ದಕ್ಕೆ ವಿರುದ್ಧವಾದದ್ದನ್ನು ಸೂಚಿಸುವುದು. ಉದಾಹರಣೆಗೆ ಕವಿತೆಯ ಕೊನೆಯ ಎರಡು ಸಾಲು. ಮೇಲಿನ ಚೌಕಕ್ಕೂ ಕೆಳಗಿನ ಚೌಕಕ್ಕೂ ಮಾತುಕತೆಯೇ ಇರಲಿಲ್ಲ.

ಹಾಳೆ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ. ಅವರು ದಡ್ಡರಲ್ಲ. ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

“ಅರೇ ಬಾಬಾ, ಕವಿತೆ ನನಗೂ ಅರ್ಥವಾಗುತ್ತದೆ” ಎಂದರು ಹಿಂದಿಯಲ್ಲಿ. “ಆದರೆ ‘ಎ’ಯಲ್ಲಿ ಒಬ್ಬ, ನಿಮ್ಮ ‘ಸಿ’ಯಲ್ಲಿ ಒಬ್ಬಳು ಅವಳಿ ಮಕ್ಕಳಿದ್ದಾರೆ. ಅವರ ತಾಯಿ ಪ್ರತಿ ಶನಿವಾರ ಎರಡೂ ನೋಟ್‌ಬುಕ್ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಹೋದ ವರ್ಷ ಒಂದು ವಿಶೇಷಣ ಬದಲಾಗಿದ್ದಕ್ಕೆ ಪ್ರಿನ್ಸಿಪಾಲರ ರೂಮಿನಲ್ಲಿ ಮುಕ್ಕಾಲು ಗಂಟೆ ಕೂತಿದ್ದರು. ಉತ್ತರ ಕೊಟ್ಟವಳು ನಾನು.”

“ಎರಡನ್ನೂ ಒಪ್ಪಿಕೊಳ್ಳಬಹುದಲ್ಲ ಮೇಡಂ?”

“ಎರಡನ್ನು ಒಪ್ಪಿಕೊಂಡರೆ ಇಪ್ಪತ್ತು ಬರುತ್ತವೆ. ಇಪ್ಪತ್ತನ್ನೂ ಓದಿ ಅಂಕ ಕೊಡುವವರು ಯಾರು? ನೀವು ನಿಮ್ಮ ಒಂದು ತರಗತಿ ನೋಡುತ್ತೀರಿ, ನಾನು ನಾಲ್ಕು ನೋಡಬೇಕು. ನೋಟ್ಸ್ ಬರೆಸಿ. ನಿಮ್ಮ ಮಕ್ಕಳಿಗೆ ಅಂಕ ಬರಲಿ ಅಂತ ನಿಮಗೂ ಇದೆಯಲ್ಲ?”

ಅವರ ಮಾತಿನಲ್ಲಿ ಬಿರುಕು ಹುಡುಕಿದೆ, ಸಿಗಲಿಲ್ಲ. ಹೊರಗೆ ಬಂದು ಗಣಿತದ ಮೇಷ್ಟರ ಮುಂದೆ ಹಾಳೆಯನ್ನು ಎಸೆದೆ. ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಮೇಜು ಅವರದು. ಉಡುಪಿಯ ಕಡೆಯವರು, ನನ್ನ ಜೊತೆ ಕನ್ನಡ ಮಾತಾಡುವ ಒಬ್ಬರೇ ಸಹೋದ್ಯೋಗಿ. ಅವರು ಕನ್ನಡಕ ಹಣೆಗೇರಿಸಿ ಓದಿದರು.

“ಇದಕ್ಕೆ ಎಂತ ಇಷ್ಟು ತಲೆಬಿಸಿ ಮಾರಾಯ್ರೆ? ಬರೆಸಿ ಬಿಡಿ.”

“ಸುಳ್ಳು ಉತ್ತರ ಸಾರ್ ಇದು. ನಿಮ್ಮ ಲೆಕ್ಕದಲ್ಲಿ ಹೀಗೆ ಬರೆಸ್ತೀರಾ?”

“ನಮ್ಮದರಲ್ಲಿ ಆ ಉಪದ್ರ ಇಲ್ಲ ಮೇಡಂ, ಅದಕ್ಕೇ ನಾನು ಗಣಿತ ಹಿಡಿದದ್ದು. ನೀವು ಪರ್ಮನೆಂಟ್ ಆಗುವವರೆಗೆ ಬಾಯಿ ಮುಚ್ಚಿಕೊಂಡು ಇರಿ. ಆಮೇಲೆ ತೊಂದರೆ ಇಲ್ಲ.”

“ಆಮೇಲೆ ಬಾಯಿ ಬಿಡಬಹುದಾ?”

“ಆಮೇಲೆ ಹೇಗೂ ಅಭ್ಯಾಸ ಆಗಿರ್ತದೆ” ಎಂದು ಅವರು ಹಾಳೆಯನ್ನು ನೀಟಾಗಿ ಮಡಿಸಿ ವಾಪಸು ಕೊಟ್ಟರು.

ಬರೆಸಿದೆ. ಮಕ್ಕಳು ತಮ್ಮ ವಾಕ್ಯದ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಕೆಳಗೆ ನೋಟ್ಸ್ ಬರೆದುಕೊಂಡರು. ಹೀಗೆ ಹೊಡೆದುಹಾಕಿ ಬರೆಯುವುದು ಅವರಿಗೆ ಹೊಸದೇನೂ ಆಗಿರಲಿಲ್ಲ. ಆ ಹುಡುಗಿ ಮಾತ್ರ ತನ್ನ ವಾಕ್ಯವನ್ನು ಹಾಗೇ ಉಳಿಸಿಕೊಂಡು ಅದರ ಕೆಳಗೆ ಬರೆದಳು. ಯೂನಿಟ್ ಟೆಸ್ಟ್‌ನಲ್ಲಿ ಥೀಮ್ ಪ್ರಶ್ನೆ ಬಂದಾಗ ತನ್ನದನ್ನೇ ಬರೆದಳು. ನಾನು ಪೂರ್ತಿ ಅಂಕ ಕೊಟ್ಟೆ. ಮೇಡಂ ಪ್ರತಿ ಡಿವಿಜನ್ನಿನಿಂದ ಕೆಲವು ಉತ್ತರಪತ್ರಿಕೆ ತೆಗೆದು ಮತ್ತೆ ನೋಡುವ ಪದ್ಧತಿಯಿತ್ತು. ನನ್ನ ದುರದೃಷ್ಟಕ್ಕೆ ಅದರಲ್ಲಿ ಅವಳದೂ ಸೇರಿತು. ಹಸಿರು ಶಾಯಿಯಲ್ಲಿ ಸೊನ್ನೆ ಬಿತ್ತು. ಪತ್ರಿಕೆ ಕೈಗೆ ಬಂದಾಗ ಹುಡುಗಿ ಕೆಂಪು ಅಂಕವನ್ನೂ ಹಸಿರು ಸೊನ್ನೆಯನ್ನೂ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ನಾನು ಮುಂದಿನ ಪತ್ರಿಕೆಯ ಹೆಸರು ಕೂಗಿದೆ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಆದರೆ ಶಾಲೆಯ ಮಾನ್ಯತೆ ನವೀಕರಿಸಲು ತಪಾಸಣಾ ಸಮಿತಿ ಬರುವುದೆಂದು ಸುದ್ದಿಯಾಯಿತು. ಪ್ರತಿ ವಿಷಯದಲ್ಲೂ ಒಂದು ಪಾಠ ಮಾಡಿ ತೋರಿಸಬೇಕು. ಇಂಗ್ಲಿಷಿಗೆ ಏಳನೇ ‘ಸಿ’, ಅಂದರೆ ನನ್ನ ತರಗತಿ. ಕವಿತೆ ಅದೇ ಪಾರ್ಕು. ನಿಮ್ಮ ಮಕ್ಕಳು ಚುರುಕು, ಈ ಪಾಠ ಚೆನ್ನಾಗಿ ಆದರೆ ನಿಮ್ಮ ವರದಿಯಲ್ಲಿ ಅದನ್ನೇ ಮೊದಲು ಬರೆಯುತ್ತೇನೆ ಎಂದರು ಮೇಡಂ. ಪ್ರೀತಿಯಿಂದಲೇ ಹೇಳಿದರು. ಬೇಡವೆನ್ನುವ ದಾರಿ ಅಲ್ಲಿಗೆ ಮುಚ್ಚಿತು.

ತಪಾಸಣೆಯ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪಾಠವನ್ನು ಮೊದಲೇ ಮತ್ತೆ ಮತ್ತೆ ಮಾಡಿ ಗಟ್ಟಿ ಮಾಡಿಸಿರುತ್ತೇವೆ. ಯಾವ ಪ್ರಶ್ನೆಗೆ ಯಾರು ಉತ್ತರಿಸಬೇಕು, ಮೊದಲ ಬೆಂಚಿನ ಹುಡುಗ ಎಲ್ಲಿ ಸ್ವಲ್ಪ ತಡವರಿಸಿದಂತೆ ಮಾಡಬೇಕು, ಎಲ್ಲವೂ ನಿಗದಿ. ಪ್ರಶ್ನೆ ಕೇಳಿದ ಕೂಡಲೇ ತರಗತಿಯ ಪ್ರತಿಯೊಂದು ಮಗುವೂ ಕೈ ಎತ್ತಬೇಕು. ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ಕುಳಿತ ಅತಿಥಿಗಳಿಗೆ ಇಡೀ ತರಗತಿಗೇ ಉತ್ತರ ಗೊತ್ತಿದ್ದಂತೆ ಕಾಣುತ್ತದೆ. ಟೀಚರು ಬಲಗೈಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾಳೆ. ಇದನ್ನು ಮೊದಲು ಯಾರು ಕಂಡುಹಿಡಿದರೋ ಗೊತ್ತಿಲ್ಲ. ನಾನು ಕೆಲಸ ಮಾಡಿದ ಶಾಲೆಗಳಲ್ಲೆಲ್ಲ ಇತ್ತು. ಮಕ್ಕಳು ಎರಡನೇ ತರಗತಿಯಲ್ಲೇ ಕಲಿತಿರುತ್ತಾರೆ.

ತಾಲೀಮು ಶುರುವಾಯಿತು. ದಿನಾ ಒಂದು ಪಿರಿಯಡ್ಡು ಅದೇ ಕವಿತೆ, ಅದೇ ಪ್ರಶ್ನೆ, ಅದೇ ಉತ್ತರ. ಪಿ.ಟಿ. ಪಿರಿಯಡ್ಡೂ ಅದಕ್ಕೇ ಹೋಯಿತು. ಚೆಂಡು ಹಿಡಿದು ನಿಂತಿದ್ದ ಮಕ್ಕಳನ್ನು ಒಳಗೆ ಕರೆದು, ಆಡಲು ಬಿಡದ ಪಾರ್ಕಿನ ಕವಿತೆ ಹೇಳಿಸಿದೆ. ಕೇಳಿದರೆ ನಗು ಬರುತ್ತದೆ, ನನಗೆ ಆಗ ಬರಲಿಲ್ಲ. ರಾತ್ರಿ ಅನ್ನ ಬಸಿಯುವಾಗಲೂ ತಲೆಯಲ್ಲಿ ಆ ಉತ್ತರದ ರಾಗ ಓಡುತ್ತಿತ್ತು. ಬೆಳಿಗ್ಗೆ ಮುಲುಂಡ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಸೇತುವೆಯ ಮೆಟ್ಟಿಲು ಹತ್ತಲು ಕಾಲೇ ಬರುತ್ತಿರಲಿಲ್ಲ.

ಒಂದು ದಿನ ಮೇಡಂ ತಾಲೀಮು ನೋಡಲು ಬಂದರು. ಐರನಿ ಎಂದರೇನು ಎಂದು ನಾನು ಕೇಳಿದೆ, ಮೊದಲ ಬೆಂಚಿನ ಹುಡುಗ ವ್ಯಾಖ್ಯೆ ಒಪ್ಪಿಸಿದ. ಆಗ ಆ ಹುಡುಗಿ ಎದ್ದಳು. ಹೇಳಿದ್ದಕ್ಕೆ ವಿರುದ್ಧವಾದದ್ದು ಅರ್ಥ ಎಂದಾದರೆ, ಪಾರ್ಕು ಚೊಕ್ಕಟ, ನಾವು ಅದೃಷ್ಟವಂತರು ಅನ್ನುವುದರ ಅರ್ಥವೂ ವಿರುದ್ಧ ಆಗಬೇಕಲ್ಲ, ಹಾಗಾದರೆ ಸ್ವಚ್ಛತೆ ಹೇಗೆ ಥೀಮ್ ಆಗುತ್ತದೆ ಎಂದು ಕೇಳಿದಳು. ಮೇಡಂ ಗದರಲಿಲ್ಲ. ಒಳ್ಳೆಯ ಡೌಟು, ಆಮೇಲೆ ನೋಡೋಣ, ಡೌಟ್ ಇರುವವರು ತಪಾಸಣೆಯ ದಿನ ಎಡಗೈ ಎತ್ತಿ ಎಂದು ಹೇಳಿ ಹೊರಟುಹೋದರು.

ಊಟದ ಬಿಡುವಿನಲ್ಲಿ ಹುಡುಗಿ ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದಳು. ಅವಳ ಮನೆಯವರು ವಿಜಯಪುರದ ಕಡೆಯವರು. ನಾನು ಕನ್ನಡದವಳೆಂದು ಗೊತ್ತಾದ ಮೇಲೆ ಏನಾದರೂ ಗುಟ್ಟಿನ ಮಾತಿದ್ದರೆ ಮಾತ್ರ ನನ್ನ ಹತ್ತಿರ ಕನ್ನಡಕ್ಕೆ ಇಳಿಯುತ್ತಿದ್ದಳು.

“ಮಿಸ್, ನನಗ ಡೌಟ್ ಇಲ್ಲ. ಆನ್ಸರ್ ಐತಿ. ಯಾವ ಕೈ ಎತ್ಲಿ?”

“ನಿನ್ನ ಆನ್ಸರ್ ಬೇರೆ ಇದೆಯಲ್ಲಮ್ಮ.”

“ಬ್ಯಾರೆ ಐತಿ. ಬಟ್ ರಾಂಗ್ ಐತೇನು?”

“ರಾಂಗ್ ಅಲ್ಲ.”

“ಮತ್ತ ರೈಟ್ ಹ್ಯಾಂಡ್ ಎತ್ಲಾ?”

ಆ ಕಡೆಯಿಂದ ಪ್ರಿನ್ಸಿಪಾಲರು ಬರುತ್ತಿದ್ದರು. “ಎಡಗೈ ಎತ್ತು” ಎಂದೆ. ಅವಳು ತಲೆಯಾಡಿಸಿ, ಡಬ್ಬಿ ಹಿಡಿದುಕೊಂಡು ಗೆಳತಿಯರ ಕಡೆ ಹೋದಳು. ಸಿಟ್ಟು ನೆತ್ತಿಗೇರಿತು. ಮೇಡಂ ಮೇಲೆ, ಅವಳಿ ಮಕ್ಕಳ ತಾಯಿಯ ಮೇಲೆ, ಕವಿತೆ ಬರೆದ ಪುಣ್ಯಾತ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಇಡೀ ತರಗತಿಯಲ್ಲಿ ನಿಜವಾಗಿ ಗೊತ್ತಿದ್ದವಳು ಒಬ್ಬಳೇ, ಅವಳಿಗೇ ಗೊತ್ತಿಲ್ಲದವರ ಕೈ ಎತ್ತಲು ಹೇಳಿ ಬಂದಿದ್ದೆ. ಅವತ್ತು ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ರೈಲಿನ ಮಹಿಳೆಯರ ಬೋಗಿಯಲ್ಲಿ ಬಾಗಿಲ ಬಳಿ ನಿಂತೇ ಒಂದು ನಿರ್ಧಾರ ಮಾಡಿದೆ. ಥೀಮ್ ಪ್ರಶ್ನೆಗೆ ಮೊದಲ ಬೆಂಚಿನ ಹುಡುಗನನ್ನು ಕರೆಯುವುದಿಲ್ಲ. ಆ ಎಡಗೈಯನ್ನು ಕರೆಯುತ್ತೇನೆ. ಅವಳು ಹೇಳಲಿ. ಸಮಿತಿಯವರ ಎದುರಿಗೇ ಗೆರೆ ಎಳೆದು, ಎರಡೂ ಕಡೆ ತುಂಬಿಸಿ ಐರನಿ ಕಲಿಸಿಬಿಡುತ್ತೇನೆ. ವರದಿ ಏನು ಬೇಕಾದರೂ ಆಗಲಿ. ಎಷ್ಟೋ ದಿನಗಳ ನಂತರ ಎದೆ ಹಗುರಾಯಿತು.

ಸಮಿತಿಯಿಂದ ಇಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಹತ್ತಿ ಸೀರೆಯುಟ್ಟ ಹಿರಿಯ ಹೆಂಗಸು ಒಬ್ಬರು, ಗಂಡಸು ಒಬ್ಬರು. ಸೂಪರ್‌ವೈಸರ್ ಮೇಡಂ ಬಾಗಿಲಲ್ಲಿ ನಿಂತರು. ಮಕ್ಕಳು ಕವಿತೆಯನ್ನು ಹೊಸದಾಗಿ ಕೇಳುತ್ತಿರುವವರಂತೆ ಕೇಳಿದರು. ತಡವರಿಸಬೇಕಾದಲ್ಲಿ ತಡವರಿಸಿದರು. ಥೀಮ್ ಪ್ರಶ್ನೆ ಬಂತು. ಎಲ್ಲ ಕೈಗಳೂ ಮೇಲೆದ್ದವು, ಬಲಗೈಗಳ ನಡುವೆ ಮೂರನೇ ಬೆಂಚಿನಲ್ಲಿ ಒಂದು ಎಡಗೈ. ನಾನು ಅವಳ ಹೆಸರು ಕರೆದೆ.

ಮೊದಲ ಬೆಂಚಿನ ಹುಡುಗ ಆಗಲೇ ಅರ್ಧ ಎದ್ದಿದ್ದವನು ಗಾಬರಿಯಾಗಿ ಕೂತ. ಮೇಡಂ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ಹುಡುಗಿ ಎದ್ದು ನಿಂತಳು. ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ಹೇಳು ಎಂಬಂತೆ ತಲೆಯಾಡಿಸಿದೆ. ಬೇಗ ಗೆರೆ ಎಳೆಯಲೆಂದು ಸೀಮೆಸುಣ್ಣ ಕೈಗೆ ತೆಗೆದುಕೊಂಡಿದ್ದೆ.

ಸಾರ್ವಜನಿಕ ಸ್ಥಳಗಳನ್ನು ಸ್ವಚ್ಛವಾಗಿಟ್ಟುಕೊಂಡು ಶಿಸ್ತಿನಿಂದ ಬಾಳಬೇಕೆಂದು ಕವಿ ನಮಗೆ ಕಲಿಸುತ್ತಾರೆ ಎಂದು ಅವಳು ಸ್ವಚ್ಛ ಇಂಗ್ಲಿಷಿನಲ್ಲಿ ಹೇಳಿದಳು. ಒಂದಕ್ಷರ ತಪ್ಪಲಿಲ್ಲ.

ಸಮಿತಿಯ ಹೆಂಗಸಿಗೆ ಖುಷಿಯಾಯಿತು. ಹಿಂದಿನಿಂದಲೇ, ನಿಮ್ಮ ಕಾಲನಿಯಲ್ಲೂ ಅಂಥ ಪಾರ್ಕು ಇದ್ದಿದ್ದರೆ ನಿನಗೆ ಇಷ್ಟವಾಗುತ್ತಿತ್ತೇ ಮಗೂ ಎಂದು ಕೇಳಿದರು. ಅದು ತಾಲೀಮಿನಲ್ಲಿ ಇಲ್ಲದ ಪ್ರಶ್ನೆ.

ಹುಡುಗಿ ಅವರ ಕಡೆ ತಿರುಗಿದಳು. “ಹೌದು ಮ್ಯಾಮ್” ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ತುಂಬಾ ಚೊಕ್ಕಟವಾಗಿರುತ್ತದೆ. ನಾವು ಅದೃಷ್ಟವಂತರು.”

ತರಗತಿಯಲ್ಲಿ ಯಾರೂ ನಗಲಿಲ್ಲ. ಹಲವರು ಡೆಸ್ಕಿನ ಮೇಲೆ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಿದ್ದು ನನಗೆ ಕಂಡಿತು. ಅತಿಥಿಗಳು ಏನೋ ಬರೆದುಕೊಂಡರು. ನಾನು ಕಪ್ಪುಹಲಗೆಯ ಕಡೆ ತಿರುಗಿ ನಿಂತು ತಾರೀಕಿನ ಕೆಳಗೆ ಸುಮ್ಮನೆ ಗೆರೆ ಹಾಕಿದೆ.

ಬೆಲ್ ಆದ ಮೇಲೆ ಅವಳನ್ನು ಮೂಲೆಗೆ ಕರೆದು, ನಿನ್ನ ಉತ್ತರ ಯಾಕೆ ಹೇಳಲಿಲ್ಲ, ಅದಕ್ಕೇ ಕರೆದದ್ದು ನಿನ್ನನ್ನು ಎಂದೆ.

“ಗೊತ್ತಾತು ಮಿಸ್” ಎಂದಳು. “ಬಟ್ ಮೇಡಂ ಡೋರ್‌ನ್ಯಾಗ ನಿಂತಿದ್ರು. ನಿಮ್ದು ಪರ್ಮನೆಂಟ್ ಆಗೂದು ಐತಿ ಅಲಾ? ಎಲ್ಲಾರ್ಗೂ ಗೊತ್ತೈತಿ.”

ಹನ್ನೆರಡು ವರ್ಷದ ಮಗು ನನ್ನ ನೌಕರಿಯ ಚಿಂತೆ ಮಾಡಿತ್ತು. ನಾನು ಅವಳ ತಲೆ ಸವರಿದೆ. ಸ್ಟಾಫ್‌ರೂಮಿಗೆ ಬಂದು ಕೂತಾಗ ಗಣಿತದ ಮೇಷ್ಟ್ರು ನನ್ನ ಮುಖ ನೋಡಿ, ತಮ್ಮ ಡಬ್ಬಿಯಿಂದ ಒಂದು ನೀರುದೋಸೆ ತೆಗೆದು ನನ್ನ ಮುಂದಿಟ್ಟರು.

ಸಮಿತಿಯ ಟಿಪ್ಪಣಿಯಲ್ಲಿ ಇಂಗ್ಲಿಷ್ ಪಾಠಕ್ಕೆ ವಿಶೇಷ ಮೆಚ್ಚುಗೆ ಬಂತು. ಮೇಡಂ ಒಳ್ಳೆಯ ವರದಿ ಬರೆದರು, ಎಡಗೈ ಕರೆದದ್ದರ ಬಗ್ಗೆ ಇಂದಿಗೂ ಒಂದು ಮಾತು ಕೇಳಿಲ್ಲ. ದೀಪಾವಳಿ ರಜೆಗೆ ಮುಂಚೆಯೇ ಖಾಯಮಾತಿಯ ಪತ್ರ ಕೈಗೆ ಬಂತು. ಮನೆಯಲ್ಲಿ ಪಾಯಸ ಮಾಡಿದೆವು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ರಜೆ ಮುಗಿದು ಶಾಲೆ ತೆರೆದಾಗ ಹೊಸ ಕವಿತೆ. ಈ ಸಲ ಯಾರಿಗೂ ಹೆದರಬೇಕಾಗಿಲ್ಲ ಎಂದು ಹುಮ್ಮಸ್ಸಿನಿಂದ ಎರಡು ಸಲ ಓದಿದೆ. ಕಪ್ಪುಹಲಗೆಯ ನಡುವೆ ಗೆರೆ ಎಳೆದೆ. ಮಾತಾಡುತ್ತಿರುವವರು ಯಾರು ಎಂದು ಕೇಳಿ ತಿರುಗಿದರೆ ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಮೂರನೇ ಬೆಂಚಿನವಳ ಕಡೆ ನೋಡಿದೆ. ಅವಳು ಹೊಸ ಪುಟ ತೆರೆದು, ತಾರೀಕು ಹಾಕಿ, ‘ಥೀಮ್’ ಎಂದು ಬರೆದು ಅಡಿಗೆರೆ ಎಳೆದು, ಪೆನ್ನು ಹಿಡಿದು ಕಾಯುತ್ತಿದ್ದಳು.

“ನೀನು ಹೇಳು, ನಿನಗೇನನ್ನಿಸುತ್ತೆ?” ಎಂದೆ.

“ನೋಟ್ಸ್ ಯಾವಾಗ ಕೊಡ್ತೀರಿ ಮಿಸ್?” ಎಂದಳು, ಬಹಳ ವಿನಯದಿಂದ.

“ಇವತ್ತು ನೋಟ್ಸ್ ಇಲ್ಲ” ಎಂದೆ ಗಟ್ಟಿಯಾಗಿ, ಇಡೀ ತರಗತಿಗೆ ಕೇಳಿಸುವಂತೆ. “ನಿಮಗೆ ತೋಚಿದ್ದು ಹೇಳಿ. ನನಗೆ ಬೇಕಾಗಿರೋದು ಅದೇ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹೋ ಎಂದು ನಕ್ಕರು. ಹೇಳಿದ್ದಕ್ಕೆ ವಿರುದ್ಧವಾದದ್ದು ಅರ್ಥ ಎಂದು ಅವರಿಗೆ ಅಷ್ಟು ದಿನ ಗಟ್ಟಿ ಮಾಡಿಸಿದವಳು ನಾನೇ. ನಾನು ಮತ್ತೆ ಹೇಳಿದೆ, ಮತ್ತೂ ಜೋರಾಗಿ ನಕ್ಕರು. ಅವಳೂ ನಕ್ಕಳು, ಪೆನ್ನನ್ನು ಮಾತ್ರ ಕೆಳಗಿಡಲಿಲ್ಲ.